ದಾದಿಯ ಸೀರೆ ಮೊಮ್ಮಗಳಿಗೆ ಬೇಡವೇ?



ನಿಮ್ಮ ಮನೆಯ ಬೀರುವಿನ ತಳದಲ್ಲೋ ಅಟ್ಟದ ಟ್ರಂಕಿನಲ್ಲೋ ಒಂದು ಹಳೆಯ ರೇಷ್ಮೆ ಸೀರೆ ಇರಬಹುದು. ದಾದಿಯದೋ ನಾನಿಯದೋ ಆಗಿರಬಹುದು. ವರ್ಷಕ್ಕೊಮ್ಮೆ ಈದ್‌ಗೆ ಮುಂಚೆ ಮನೆ ಗುಡಿಸುವಾಗ ಅದು ಹೊರಗೆ ಬರುತ್ತದೆ. ಎಲ್ಲರೂ ಒಮ್ಮೆ ಮುಟ್ಟಿ ನೋಡುತ್ತಾರೆ. "ಎಷ್ಟು ಭಾರ ನೋಡು" ಎನ್ನುತ್ತಾರೆ. ಮತ್ತೆ ಅದು ಟ್ರಂಕಿಗೆ ಹೋಗುತ್ತದೆ. ಉಡುವವರಿಲ್ಲ, ಎಸೆಯುವ ಮನಸ್ಸೂ ಇಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಬೀದಿಯಲ್ಲಿ ಹಳೇ ಜರಿ ಸೀರೆ ಕೊಳ್ಳುವವರ ಕೂಗು ಕೇಳುತ್ತದೆ. ಗಂಡಸರು ಕೆಲಸಕ್ಕೆ ಹೋಗಿರುತ್ತಾರೆ. ಬಂದವನು ಸೆರಗನ್ನು ಉಜ್ಜಿ ನೋಡಿ ಒಂದು ಬೆಲೆ ಹೇಳುತ್ತಾನೆ. ಮೂಲೆಯಲ್ಲಿ ಸುಮ್ಮನೆ ಬಿದ್ದಿದ್ದ ಬಟ್ಟೆಗೆ ಇಷ್ಟು ಹಣವೇ ಎಂದು ನಮಗೆ ಅಚ್ಚರಿಯಾಗುತ್ತದೆ, ಕೊಟ್ಟುಬಿಡುತ್ತೇವೆ. ಆ ಸೀರೆಯನ್ನು ಅವನು ಯಾರಿಗೂ ಉಡಲು ಮಾರುವುದಿಲ್ಲ ಎಂಬುದು ನಿಮಗೆ ಗೊತ್ತೇ? ಅಂಚು ಮತ್ತು ಸೆರಗನ್ನು ಕತ್ತರಿಸಿ ಸುಡುತ್ತಾರೆ. ರೇಷ್ಮೆ ಬೂದಿಯಾಗುತ್ತದೆ, ಬೆಳ್ಳಿ ಉಳಿಯುತ್ತದೆ. ಅವನಿಗೆ ಬೇಕಾದದ್ದು ಆ ಬೆಳ್ಳಿ ಮಾತ್ರ.

ಅಸಲಿ ಜರಿಯ ಒಳಗೆ ರೇಷ್ಮೆಯ ದಾರವಿರುತ್ತದೆ. ಅದರ ಮೇಲೆ ಕೂದಲಿಗಿಂತ ತೆಳುವಾಗಿ ಚಪ್ಪಟೆ ಮಾಡಿದ ಬೆಳ್ಳಿ ತಂತಿ ಸುತ್ತಿರುತ್ತಾರೆ. ಅದರ ಮೇಲೆ ಚಿನ್ನದ ಲೇಪ. ಈಗ ಅಗ್ಗದ ಸೀರೆಗಳಲ್ಲಿ ಬರುವುದು ತಾಮ್ರದ ತಂತಿಯ ಜರಿ ಅಥವಾ ಬರೀ ಪ್ಲಾಸ್ಟಿಕ್ ಎಳೆ. 2025ರಲ್ಲಿ ಬೆಳ್ಳಿಯ ಬೆಲೆ ಕಿಲೋಗೆ ಒಂದು ಲಕ್ಷ ರೂಪಾಯಿ ದಾಟಿತು. ಬೆಳ್ಳಿ ಏರಿದಷ್ಟೂ ಹಳೇ ಸೀರೆಯ ಮೇಲೆ ಕಣ್ಣಿಡುವವರು ಹೆಚ್ಚುತ್ತಾರೆ. ಆದ್ದರಿಂದ ಮಾರುವ ಮುನ್ನ ಅದು ಏನು, ಎಲ್ಲಿಂದ ಬಂತು, ಯಾರದು ಎಂದು ಯೋಚಿಸುವುದು ಒಳ್ಳೆಯದು.

ಕೊಳ್ಳೇಗಾಲ, ಹನೂರು, ಯಳಂದೂರಿನ ಕಡೆಯವರಿಗೆ ರೇಷ್ಮೆ ಹೊರಗಿನ ವಸ್ತುವಲ್ಲ. 1780ರ ದಶಕದಲ್ಲಿ ಟಿಪ್ಪು ಸುಲ್ತಾನರು ಬಂಗಾಳದಿಂದ ರೇಷ್ಮೆ ಹುಳುಗಳನ್ನು ತರಿಸಿ ಮೈಸೂರು ಸೀಮೆಯಲ್ಲಿ ಸಾಕಿಸಿದರು. ಯಳಂದೂರು ಆಗಿನಿಂದಲೂ ಮೈಸೂರಿನ ಕಡೆಗೇ ಇತ್ತು. ಕೊಳ್ಳೇಗಾಲ ಹಾಗಲ್ಲ. 1956ರ ನವೆಂಬರ್ 1ರವರೆಗೆ ಅದು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹನೂರು ಕೊಳ್ಳೇಗಾಲದಿಂದ ಬೇರೆಯಾಗಿ ತಾಲೂಕು ಆದದ್ದು ತೀರಾ ಈಚೆಗೆ. ಆಡಳಿತ ಯಾರದೇ ಇರಲಿ, ಹಿಪ್ಪುನೇರಳೆ ತೋಟ, ಹುಳು ಮನೆ, ನೂಲು ಬಿಚ್ಚುವ ಚರಕ, ದೇವಾಂಗ ನೇಕಾರರ ಮಗ್ಗ ಇವೆಲ್ಲ ಈ ನೆಲದಲ್ಲಿ ಜೊತೆಜೊತೆಗೇ ಬೆಳೆದವು. ಅತ್ತ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ರೇಷ್ಮೆ ನೇಯ್ಗೆಯ ಕಾರ್ಖಾನೆ ಶುರುವಾಯಿತು. 1980ರಿಂದ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿದೆ. ನಿಮ್ಮ ಟ್ರಂಕಿನ ಸೀರೆ ಮೈಸೂರಿನದಿರಬಹುದು, ಕೊಳ್ಳೇಗಾಲದ ಕೈಮಗ್ಗದ್ದಿರಬಹುದು, ಕಂಚಿಯಿಂದ ಬಂದಿರಲೂಬಹುದು.

ಒಂದು ಸೀರೆಗೆ ಸಾವಿರಾರು ಗೂಡುಗಳ ನೂಲು ಬೇಕು. ಗೂಡನ್ನು ಬಿಸಿ ನೀರಿನಲ್ಲಿ ಬೇಯಿಸಿ, ಎಳೆಯ ತುದಿ ಹುಡುಕಿ, ಹಲವು ಎಳೆಗಳನ್ನು ಕೂಡಿಸಿ ಚರಕಕ್ಕೆ ಕೊಡಬೇಕು. ಈ ನೂಲು ಬಿಚ್ಚುವ ಕೆಲಸದಲ್ಲಿ ನಮ್ಮ ಸಮುದಾಯದವರು ತಲೆಮಾರುಗಳಿಂದ ಇದ್ದಾರೆ. ರಾಮನಗರ, ಶಿಡ್ಲಘಟ್ಟದಲ್ಲೂ ಹಾಗೆಯೇ. ದಿನವಿಡೀ ಬಿಸಿ ನೀರಿನಲ್ಲಿ ಕೈಯಿಟ್ಟು ಬೆರಳುಗಳ ಚರ್ಮ ಸುಲಿದುಕೊಂಡ ಹೆಂಗಸರು ಎಷ್ಟು ಜನ! ಅವರಲ್ಲಿ ಹಲವರು ತಾವು ಬಿಚ್ಚಿದ ನೂಲಿನ ಸೀರೆಯನ್ನು ಜೀವಮಾನದಲ್ಲಿ ಒಮ್ಮೆ ಮಾತ್ರ, ತಮ್ಮ ನಿಕಾಹ್‌ನ ದಿನ ಉಟ್ಟರು. ಕೆಲವರಿಗೆ ಅದೂ ಸಿಗಲಿಲ್ಲ. ನಿಮ್ಮ ದಾದಿ ಅಂಥವರಾಗಿದ್ದರೆ ಆ ಸೀರೆ ಅವರ ದುಡಿಮೆಯ ಗುರುತು.

ಇನ್ನೊಂದು ಮಾತು. ನಮ್ಮಲ್ಲಿ ರೇಷ್ಮೆ ಹೆಣ್ಣಿಗೆ ಅನುಮತಿ, ಗಂಡಿಗೆ ಇಲ್ಲ. ಇದಕ್ಕಾಗಿಯೇ ಹಿಂದಿನ ನೇಕಾರರು ಮೈಗೆ ತಾಗುವ ಕಡೆ ಹತ್ತಿ, ಹೊರಗೆ ಕಾಣುವ ಕಡೆ ರೇಷ್ಮೆ ಬರುವಂತೆ ನೇಯ್ದು ಅದಕ್ಕೆ ಮಶ್ರು ಎಂದು ಹೆಸರಿಟ್ಟರು. ಅನುಮತಿ ಇರುವುದು ಎಂದೇ ಆ ಪದದ ಅರ್ಥ. ಹೀಗಾಗಿ ಮನೆ, ಜಮೀನು, ಅಂಗಡಿ ಯಾರ ಹೆಸರಿಗೆ ಹೋದರೂ ಉಡುವ ರೇಷ್ಮೆ ಮಾತ್ರ ನಮ್ಮ ಮನೆಗಳಲ್ಲಿ ಹೆಣ್ಣಿನಿಂದ ಹೆಣ್ಣಿಗೇ ಸಾಗಿ ಬಂದಿದೆ.

ಆದರೆ ಈಗ ಆ ಸರಪಳಿ ತುಂಡಾಗುತ್ತಿದೆ. "ಹಳೇ ಸೀರೆ ಉಟ್ಟ ಮದುಮಗಳು ಎಂದು ಜನ ಆಡಿಕೊಳ್ಳುತ್ತಾರೆ" ಎಂದು ತಾಯಂದಿರೇ ಹೇಳುತ್ತಾರೆ. ನಿಕಾಹ್‌ಗೊಂದು, ವಲೀಮಾಕ್ಕೊಂದು, ಮೆಹಂದಿಗೊಂದು ಜೋಡಾ. ಒಮ್ಮೆ ಉಟ್ಟು ಬೀರು ಸೇರುವ ಲೆಹಂಗಾಗೆ ಹತ್ತಾರು ಸಾವಿರ. ಆ ಹಣ ಎಲ್ಲಿಂದ ಬರುತ್ತದೆ? ಹಲವು ಮನೆಗಳಲ್ಲಿ ಹೆಂಗಸರ ಸಂಘದ ಹೆಸರಿನಲ್ಲಿ ತೆಗೆದ ವಾರದ ಕಂತಿನ ಸಾಲದಿಂದ. 2025ರ ಜನವರಿಯಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ ಏನಾಯಿತೆಂದು ನೀವೇ ಪತ್ರಿಕೆಗಳಲ್ಲಿ ಓದಿದ್ದೀರಿ. ಕಿರುಸಾಲದ ವಸೂಲಿಗೆ ಬರುವವರ ಕಿರುಕುಳ ತಾಳಲಾರದೆ ಹಳ್ಳಿಗಳಲ್ಲಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟವು. ಫೆಬ್ರುವರಿಯಲ್ಲಿ ರಾಜ್ಯ ಸರಕಾರ ಇದನ್ನು ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಆ ಸಾಲಗಳೆಲ್ಲ ಮದುವೆಗೆ ಮಾಡಿದವಲ್ಲ, ನಿಜ. ಕಾಯಿಲೆಗೆ, ಬೆಳೆಗೆ, ಮಕ್ಕಳ ಓದಿಗೆ ಮಾಡಿದವರೂ ಇದ್ದರು. ಆದರೆ ಒಂದು ದಿನದ ಬಟ್ಟೆಗಾಗಿ ಆ ಸಾಲಿಗೆ ನಾವಾಗಿ ಹೋಗಿ ನಿಲ್ಲಬೇಕೇ? ಟ್ರಂಕಿನಲ್ಲಿ ಅಸಲಿ ಜರಿಯ ಸೀರೆ ಮಲಗಿರುವಾಗ?

ಇಲ್ಲಿ ಹಝ್ರತ್ ಆಯಿಶಾ(ರ) ಅವರ ಒಂದು ಪ್ರಸಂಗ ನೆನಪಾಗುತ್ತದೆ. ಸಹೀಹ್ ಬುಖಾರಿಯಲ್ಲಿ ಅದು ದಾಖಲಾಗಿದೆ. ಪ್ರವಾದಿವರ್ಯರ(ಸ) ವಿಯೋಗದ ಅನಂತರದ ಕಾಲ. ಅವರು ಐದು ದಿರ್‌ಹಮ್ ಬೆಲೆಯ ಒರಟು ಬಟ್ಟೆಯ ಅಂಗಿ ತೊಟ್ಟಿದ್ದರು. ಮನೆಗೆ ಬಂದವರಿಗೆ ತಮ್ಮ ಸೇವಕಿಯನ್ನು ತೋರಿಸಿ, ಈಗ ಇವಳು ಇಂಥದನ್ನು ಮನೆಯೊಳಗೆ ತೊಡಲೂ ಒಲ್ಲೆ ಎನ್ನುತ್ತಾಳೆ ಎಂದರು. ಪ್ರವಾದಿವರ್ಯರ(ಸ) ಕಾಲದಲ್ಲಿ ತಮ್ಮ ಬಳಿ ಇಂಥದೇ ಒಂದು ಅಂಗಿ ಇತ್ತು, ಮದೀನಾದಲ್ಲಿ ಸಿಂಗರಿಸಿಕೊಳ್ಳಬೇಕಾದ ಹೆಣ್ಣುಮಗಳು ಯಾರೇ ಇರಲಿ, ಅದನ್ನು ಕೇಳಿ ತರಿಸಿಕೊಳ್ಳುತ್ತಿದ್ದಳು ಎಂದೂ ನೆನೆದರು. ಒಂದು ಅಂಗಿ, ಎಷ್ಟೋ ಮದುಮಗಳಂದಿರು! ಎರವಲು ತೊಟ್ಟವರು ನಾಚಲಿಲ್ಲ, ಕೊಟ್ಟವರು ಹೇಳಿಕೊಂಡು ತಿರುಗಲಿಲ್ಲ. ನಮ್ಮ ಮೊಹಲ್ಲಾದಲ್ಲಿ ಒಂದು ಒಳ್ಳೆಯ ಜೋಡಾ ನಾಲ್ಕು ಮನೆಗಳ ಹೆಣ್ಣುಮಕ್ಕಳಿಗೆ ಆಗಿಬಂದರೆ ಯಾರ ಮಾನ ಹೋಗುತ್ತದೆ?

ಈಗ ಎಲ್ಲರೂ ತಪ್ಪಿಸಿಕೊಳ್ಳುವ ಪ್ರಶ್ನೆಗೆ ಬರೋಣ. ಆ ಸೀರೆ ಯಾರದು?

ಅದರ ಒಡತಿ ಜೀವಂತ ಇದ್ದರೆ ಅವರದೇ. ಮದುವೆಯಲ್ಲಿ ಹೆಣ್ಣಿಗೆಂದು ಕೊಟ್ಟದ್ದು ಹೆಣ್ಣಿನದು, ತವರಿನವರು ಕೊಟ್ಟಿರಲಿ, ಅತ್ತೆಮನೆಯವರು ಕೊಟ್ಟಿರಲಿ. ತಲಾಖ್ ಆದರೂ ಅದು ಅವಳದೇ ಎಂದು 1986ರ ಮುಸ್ಲಿಮ್ ಮಹಿಳೆಯರ ಕಾಯ್ದೆಯೂ ಹೇಳುತ್ತದೆ. ಆದ್ದರಿಂದ ಸೊಸೆಯ ಸೀರೆಯನ್ನು ಅವಳನ್ನು ಕೇಳದೆ ನಾದಿನಿಗೆ ಕೊಡುವುದು ತಪ್ಪು. ಅತ್ತೆಯ ಸೀರೆಯನ್ನು ಅವರನ್ನು ಕೇಳದೆ ಬೀದಿಯವನಿಗೆ ಮಾರುವುದೂ ತಪ್ಪು.

ಒಡತಿ ತೀರಿಕೊಂಡರೆ ಸೀರೆಯೂ ಅವರ ಬಿಟ್ಟುಹೋದ ಆಸ್ತಿಗೆ ಸೇರುತ್ತದೆ. ಬಟ್ಟೆ ತಾನೇ ಎಂದು ನಾವು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಲ್ವತ್ತು ದಿನ ಕಳೆಯುವ ಮೊದಲೇ ಹಿರಿಯ ಸೊಸೆ ಒಂದನ್ನು, ಹತ್ತಿರದಲ್ಲಿದ್ದ ಮಗಳು ಒಂದನ್ನು ಎತ್ತಿಟ್ಟುಕೊಳ್ಳುತ್ತಾರೆ. ಉಳಿದದ್ದನ್ನು ಬಡವರಿಗೆ ಕೊಟ್ಟುಬಿಡುತ್ತಾರೆ. ಸದಕಾ ಒಳ್ಳೆಯದೇ. ಆದರೆ ವಾರಸುದಾರರೆಲ್ಲ ಒಪ್ಪಿದ ಮೇಲೆ ಮಾತ್ರ. ಅವರಲ್ಲಿ ಚಿಕ್ಕ ಮಕ್ಕಳಿದ್ದರೆ ಅವರ ಪಾಲನ್ನು ದಾನ ಮಾಡುವ ಹಕ್ಕು ದೊಡ್ಡವರಿಗೂ ಇಲ್ಲ. ದೂರದ ಊರಿಗೆ ಮದುವೆಯಾಗಿ ಹೋದ ಮಗಳು ರಜೆಗೆ ಬಂದು "ಅಮ್ಮಿಯ ಆ ಹಸಿರು ಸೀರೆ ಎಲ್ಲಿ?" ಎಂದು ಕೇಳಿದಾಗ ಉತ್ತರ ಕೊಡಲಾಗದೆ ಅಕ್ಕತಂಗಿಯರ ಮಾತು ನಿಂತುಹೋದ ಮನೆಗಳನ್ನು ನೀವು ಕಂಡಿರಬಹುದು. ಜಗಳ ಬೆಳ್ಳಿಯದಲ್ಲ, ತಾಯಿಯದು.

ಇದಕ್ಕೆ ದಾರಿ ಇಲ್ಲವೇ? ಇದೆ. ಕೊಡುವುದನ್ನು ಬದುಕಿರುವಾಗಲೇ ಕೊಡಿ. ಇದಕ್ಕೆ ಹಿಬಾ ಎನ್ನುತ್ತಾರೆ. ಕೊಟ್ಟೆ ಎಂದು ಹೇಳಬೇಕು, ಪಡೆಯುವವಳು ಒಪ್ಪಬೇಕು, ವಸ್ತು ಅವಳ ಕೈ ಸೇರಬೇಕು. "ಇದು ನಿನಗೇ ಕಣಮ್ಮ" ಎಂದು ಹೇಳಿ ಮತ್ತೆ ತಮ್ಮದೇ ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಕೊಟ್ಟಂತಾಗುವುದಿಲ್ಲ. ಮಕ್ಕಳಿಗೆ ಕೊಡುವಾಗ ಒಬ್ಬರಿಗೆ ಕೊಟ್ಟು ಇನ್ನೊಬ್ಬರನ್ನು ಬಿಡಬಾರದು. ಒಬ್ಬಳಿಗೆ ಸೀರೆ ಕೊಟ್ಟರೆ ಮತ್ತೊಬ್ಬಳಿಗೆ ಅದಕ್ಕೆ ಸಮನಾದ ಬೇರೆ ಏನನ್ನಾದರೂ ಕೊಡಿ.

"ನಾನು ಹೋದ ಮೇಲೆ ಈ ಸೀರೆ ಮಗಳಿಗೆ" ಎಂದು ವಸಿಯ್ಯತ್ ಮಾಡಿದರೆ ಅದು ನಡೆಯಲು ಉಳಿದ ವಾರಸುದಾರರ ಒಪ್ಪಿಗೆ ಬೇಕು. ಏಕೆಂದರೆ ಮಗಳು ತಾನೇ ವಾರಸುದಾರಳು. ಆದರೆ ಮೊಮ್ಮಗಳ ವಿಷಯ ಬೇರೆ. ಅವಳ ತಂದೆ, ಅಂದರೆ ನಿಮ್ಮ ಮಗ ಬದುಕಿದ್ದರೆ ಅವಳು ನಿಮ್ಮ ವಾರಸುದಾರಳಲ್ಲ. ಮಗಳ ಮಗಳೂ ಸಾಮಾನ್ಯವಾಗಿ ಅಲ್ಲ. ಅಂಥವರಿಗೆ ಆಸ್ತಿಯ ಮೂರನೆಯ ಒಂದು ಭಾಗದೊಳಗೆ ವಸಿಯ್ಯತ್ ಮಾಡಬಹುದು. ದಾದಿಯ ಸೀರೆ ಮೊಮ್ಮಗಳಿಗೆ ಎಂಬ ನಮ್ಮ ಹಳೆಯ ಆಸೆಗೆ ಶರೀಅತ್‌ನಲ್ಲಿ ಇಷ್ಟು ಸಲೀಸಾದ ಬಾಗಿಲು ತೆರೆದಿದೆ. ಎರಡು ಸಾಲು ಬರೆದಿಡಿ, ಇಬ್ಬರ ಸಾಕ್ಷಿ ಹಾಕಿಸಿ. ಅನುಮಾನವಿದ್ದರೆ ತಿಳಿದ ಆಲಿಮರನ್ನು ಕೇಳಿ.

ಇನ್ನು ಸೀರೆಯನ್ನು ಉಳಿಸುವ ಬಗೆ. ಹಳೆಯ ರೇಷ್ಮೆ ಹೆಚ್ಚಾಗಿ ಹರಿಯುವುದು ಮಡಿಕೆಯಲ್ಲಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟರೆ ಆ ಗೆರೆಯಲ್ಲೇ ಎಳೆ ಮುರಿಯುತ್ತದೆ. ಮೂರು ತಿಂಗಳಿಗೊಮ್ಮೆ ಬಿಚ್ಚಿ ಬೇರೆ ಕಡೆ ಮಡಿಸಿ. ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ, ತೇವ ಒಳಗೇ ನಿಂತು ಜರಿ ಕಪ್ಪಾಗುತ್ತದೆ. ಒಗೆದು ಮೆತ್ತಗಾದ ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ನುಸಿಗುಳಿಗೆ ಜರಿಗೆ ತಾಗಬಾರದು. ಅದಕ್ಕಿಂತ ನೆರಳಲ್ಲಿ ಒಣಗಿಸಿದ ಬೇವಿನ ಎಲೆಯನ್ನು ಸಣ್ಣ ಗಂಟು ಕಟ್ಟಿ ಮೂಲೆಯಲ್ಲಿಡುವುದು ವಾಸಿ. ಮಳೆಗಾಲ ಮುಗಿದ ಮೇಲೆ ಒಂದು ದಿನ ನೆರಳಿನಲ್ಲಿ ಗಾಳಿಗೆ ಹರಡಿ, ಬಿಸಿಲಿಗಲ್ಲ.

ಉಡುವ ಮುನ್ನ ಬೆಳಕಿಗೆ ಹಿಡಿದು ನೋಡಿ. ಸಣ್ಣ ತೂತುಗಳಿದ್ದರೆ ರಫೂ ಮಾಡುವವರಿಗೆ ಕೊಡಿ. ಮನೆಯಲ್ಲಿ ನೀರಿಗೆ ಹಾಕಬೇಡಿ, ಹಳೆಯ ಬಣ್ಣ ಬಿಡಬಹುದು. ಹೊಸ ಫಾಲ್ಸ್ ಹೊಲಿಸಿ. ಹಳೆಯ ರವಿಕೆ ಯಾರಿಗೂ ಆಗುವುದಿಲ್ಲ, ತುಂಬುತೋಳಿನ ಹೊಸದನ್ನು ಹೊಲಿಸಿದರೆ ಸೀರೆಗೂ ಹೊಸ ಕಳೆ ಬರುತ್ತದೆ. ಅತ್ತರನ್ನು ಕೈಗೆ ಹಚ್ಚಿಕೊಳ್ಳಿ, ಜರಿಗಲ್ಲ. ಮೆಹಂದಿ ಪೂರ್ತಿ ಒಣಗಿದ ಮೇಲಷ್ಟೇ ಸೀರೆ ಮುಟ್ಟಿ. ಒಡಲು ಪೂರ್ತಿ ಹರಿದಿದ್ದರೂ ಅಂಚು, ಸೆರಗು ಗಟ್ಟಿಯಿರುತ್ತವೆ. ಅವನ್ನು ಬಿಡಿಸಿ ಹೊಸ ದುಪಟ್ಟಾಗೋ ಮಗಳ ಲೆಹಂಗಾದ ಅಂಚಿಗೋ ಹೊಲಿಸಬಹುದು. ಗಂಡುಮಕ್ಕಳ ಕುರ್ತಾಕ್ಕೆ ಮಾತ್ರ ಬೇಡ.

ಮಗಳು ಒಲ್ಲೆ ಎಂದರೆ ಒತ್ತಾಯ ಮಾಡಬೇಡಿ. ಬಲವಂತವಾಗಿ ಉಡಿಸಿದ ಸೀರೆ ಅವಳಿಗೆ ಶಿಕ್ಷೆಯಾಗುತ್ತದೆ. ನಿಕಾಹ್‌ಗೆ ಬೇಡವಾದರೆ ಈದ್‌ಗೆ ಉಡಲಿ, ತಂಗಿಯ ಮದುವೆಗೆ ಉಡಲಿ. ಎಲ್ಲರ ಮನೆಯಲ್ಲೂ ರೇಷ್ಮೆ ಇರುವುದಿಲ್ಲ ಎಂಬುದನ್ನೂ ಮರೆಯಬೇಡಿ. ನಾನಿ ನಮಾಝ್‌ಗೆ ಹೊದೆಯುತ್ತಿದ್ದ ಬಿಳಿ ಹತ್ತಿ ದುಪಟ್ಟಾ ಸಿಕ್ಕರೂ ಅದು ಕಡಿಮೆಯ ಆಸ್ತಿಯಲ್ಲ. ಬೆಳ್ಳಿ ಕೊಳ್ಳುವವನು ಅದನ್ನು ತಿರುಗಿಯೂ ನೋಡುವುದಿಲ್ಲ, ಅಷ್ಟೇ. ಕಷ್ಟ ಬಂದು ಮಾರಲೇಬೇಕಾದರೆ ಮಾರಿ, ಅದರಲ್ಲಿ ನಾಚಿಕೆಯಿಲ್ಲ. ಮನೆಯವರನ್ನೆಲ್ಲ ಕೇಳಿ, ಎರಡು ಅಂಗಡಿಗಳಲ್ಲಿ ಬೆಲೆ ವಿಚಾರಿಸಿ ಮಾರಿ.

ದಾದಿ ಅಥವಾ ನಾನಿ ಇನ್ನೂ ಇದ್ದರೆ ಈ ವಾರವೇ ಅವರ ಪಕ್ಕದಲ್ಲಿ ಕುಳಿತು ಟ್ರಂಕು ತೆರೆಯಿರಿ. ಇದನ್ನು ಯಾರು ತಂದರು, ಯಾವ ಅಂಗಡಿಯದು, ಆಗ ಎಷ್ಟು ಕೊಟ್ಟರು, ಯಾರ ಮದುವೆಗೆ ಎಂದು ಕೇಳಿ. ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದು, ಸೀರೆ ಸುತ್ತಿದ ಹತ್ತಿ ಬಟ್ಟೆಗೆ ಪಿನ್ನು ಚುಚ್ಚದೆ ದಾರದಿಂದ ಕಟ್ಟಿ. ಆಮೇಲೆ ಯಾರಿಗೆ ಕೊಡಬೇಕೆಂದು ಅವರ ಬಾಯಿಂದಲೇ ಹೇಳಿಸಿ. ಆ ಹೆಣ್ಣುಮಗಳನ್ನು ಅಲ್ಲಿಗೇ ಕರೆದು ಅವಳ ಕೈಗೆ ಕೊಡಿಸಿ.