ಮೂರು ಹೊಸ ಆಟ ಮತ್ತು ಅಪ್ಪ

ಅಮ್ಮ ಹೋದ ಮೇಲೆ ಅಪ್ಪ ಶಿವಮೊಗ್ಗದ ಮನೆಗೆ ಬೀಗ ಹಾಕಿ ನಮ್ಮ ಬೆಂಗಳೂರಿನ ಫ್ಲ್ಯಾಟ್‌ಗೆ ಬಂದರು. ಮಾತನ್ನು ಮಾತ್ರ ಅಲ್ಲೇ ಬಿಟ್ಟು ಬಂದಿದ್ದರು. ನಾನು, ನನ್ನ ಗಂಡ ಕೆಲಸ ಮುಗಿಸಿದರೆ ಊಟ, ಆಮೇಲೆ ಮೊಬೈಲ್. ಅಪ್ಪನಿಗೆ ಟಿವಿ. ‘ಚೌಕಾಬಾರ ಆಡೋಣ್ವಾ?’ ಅಂದರೆ ‘ಬೇಡ ಪುಟ್ಟಿ’ ಅಂದುಬಿಟ್ಟರು. ಅದು ಅವರು ಅಮ್ಮನ ಜೊತೆ ಆಡುತ್ತಿದ್ದ ಆಟ.

ಸರಿ, ಹಳೇದು ಬೇಡವಾದರೆ ಹೊಸದು ನೋಡೋಣ ಅಂತ 2024ರಲ್ಲಿ ಬಂದ ಮೂರು ಆಟ ತರಿಸಿದೆ.

ಮೊದಲು ‘ಹಾರ್ಮನೀಸ್’. ಪ್ರತಿ ಸರದಿಯಲ್ಲೂ ಮೂರು ಬಣ್ಣದ ಮರದ ಬಿಲ್ಲೆ ತಗೊಂಡು ನಿಮ್ಮ ಬೋರ್ಡಿನಲ್ಲಿ ಬೆಟ್ಟ, ನೀರು, ಮರ ಕಟ್ಟಬೇಕು. ಪ್ರಾಣಿಗಳಿಗೆ ಒಪ್ಪುವ ಜಾಗ ಸಿಕ್ಕರೆ ಅಂಕ. ನೋಡೋಕೆ ಮೂರರಲ್ಲಿ ಇದೇ ಚಂದ. ಆದರೆ ಎಲ್ಲರೂ ತಮ್ಮ ತಮ್ಮ ಬೋರ್ಡಿಗೆ ತಲೆ ಬಗ್ಗಿಸಿ ಕೂತಿರ್ತಾರೆ. ನಮ್ಮನೆಯಲ್ಲಿ ಮೌನಕ್ಕೆ ಮೊದಲೇ ಬರವಿರಲಿಲ್ಲ!

ಎರಡನೆಯದು ‘ಬಾಂಬ್ ಬಸ್ಟರ್ಸ್’. 2025ರಲ್ಲಿ ಜರ್ಮನಿಯ ‘ಸ್ಪೀಲ್ ಡೆಸ್ ಯಾರೆಸ್’ ಪ್ರಶಸ್ತಿ ಗೆದ್ದದ್ದು ಇದೇ. ಇಲ್ಲಿ ಎಲ್ಲರೂ ಒಂದೇ ತಂಡ, ಗೆದ್ದರೂ ಸೋತರೂ ಒಟ್ಟಿಗೆ. ನಿಮ್ಮ ತಂತಿಗಳ ನಂಬರ್ ಬೇರೆಯವರಿಗೆ ಕಾಣಲ್ಲ, ಹೇಳೋ ಹಾಗೂ ಇಲ್ಲ. ಊಹಿಸಿ ಜೋಡಿ ಕತ್ತರಿಸಬೇಕು. ಒಟ್ಟು 66 ಮಿಷನ್‌ಗಳಿವೆ. ಗಂಡ ತಪ್ಪು ತಂತಿ ತೋರಿಸಿದಾಗ ಅಪ್ಪ ‘ಅಯ್ಯೋ, ಅದಲ್ಲಪ್ಪ!’ ಅಂತ ಕೂಗಿದರು. ಆ ವಾರದಲ್ಲಿ ಅವರ ಬಾಯಿಂದ ಬಂದ ದೊಡ್ಡ ಮಾತು ಅದು.

ಮೂರನೆಯದು ‘ಫ್ಲಿಪ್ 7’. ಬೋರ್ಡೇ ಇಲ್ಲ, ಬರೀ ಕಾರ್ಡು. ಎರಡು ನಿಮಿಷದಲ್ಲಿ ಕಲೀಬಹುದು. 12ರ ಕಾರ್ಡು ಹನ್ನೆರಡಿವೆ, 11ರದ್ದು ಹನ್ನೊಂದು, ಹೀಗೇ ಇಳಿದು 1ರದ್ದು ಒಂದೇ. ಒಂದೊಂದೇ ಕಾರ್ಡು ತೆಗೀತಾ ಹೋಗಿ. ಒಂದೇ ಅಂಕಿ ಎರಡು ಸಲ ಬಂದರೆ ಆ ಸುತ್ತಿನ ಗಳಿಕೆ ಸೊನ್ನೆ. ಏಳು ಬೇರೆ ಬೇರೆ ಅಂಕಿ ಬಂದರೆ 15 ಬೋನಸ್.

ಅಪ್ಪ ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿದ್ದವರು. 20 ದಾಟಿದ ಕೂಡಲೇ ‘ಸಾಕು’ ಅಂತ ನಿಲ್ಲಿಸುತ್ತಿದ್ದರು. ಒಂದು ರಾತ್ರಿ ಮಾತ್ರ ಆರು ಕಾರ್ಡು ತೆಗೆದಿದ್ದರು: 12, 11, 8, 7, 4, 3. ಒಟ್ಟು 45. ‘ಅಪ್ಪ, ನಿಲ್ಸಿ’ ಅಂದೆ. ಕಾರ್ಡನ್ನೇ ನೋಡುತ್ತಾ, ‘ನಿಮ್ಮಮ್ಮ ಆಗಿದ್ರೆ ಇಲ್ಲಿ ನಿಲ್ಲಿಸ್ತಾನೇ ಇರ್ಲಿಲ್ಲ’ ಅಂದರು. ಇನ್ನೊಂದು ತೆಗೆದರು. 11! ಎಲ್ಲಾ ಹೋಯ್ತು. ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಅಮ್ಮ ಚೌಕಾಬಾರದಲ್ಲಿ ಮಾಡುತ್ತಿದ್ದ ಮೋಸಗಳ ಕಥೆ, ಹನ್ನೆರಡು ಗಂಟೆಯವರೆಗೆ.

ಹಾಗಾಗಿ ನನ್ನ ಲೆಕ್ಕ ಹೀಗಿದೆ: ಸುಸ್ತಾದ ಸಂಜೆಗೆ ಹಾರ್ಮನೀಸ್, ಗೆಳೆಯರು ಸೇರಿದಾಗ ಬಾಂಬ್ ಬಸ್ಟರ್ಸ್, ಮನೆಯ ಹಿರಿಯರ ಜೊತೆ ಕೂರೋಕೆ ಕಣ್ಣು ಮುಚ್ಚಿ ಫ್ಲಿಪ್ 7.

ಮೊನ್ನೆ ಭಾನುವಾರ ಅಪ್ಪ, ‘ಇಲ್ಲಿ ಕವಡೆ ಎಲ್ಲಿ ಸಿಗುತ್ತೆ?’ ಅಂತ ಕೇಳಿದರು. ಹುಡುಕುತ್ತಿದ್ದೇನೆ.