ಪೆಡಲಿನ ಆಯ್ಕೆಯೂ ಕೆಳಮನೆಯವರ ನಿದ್ರೆಯೂ

ನಮ್ಮ ಮನೆಗಳಲ್ಲಿ ಮಕ್ಕಳಿಗೆ ಸಂಗೀತ ಕಲಿಸುವುದೆಂದರೆ ವೀಣೆ, ಪಿಟೀಲು, ಹೆಚ್ಚೆಂದರೆ ಮೃದಂಗ ಎಂದಷ್ಟೇ ಒಂದು ಕಾಲಕ್ಕೆ ಅರ್ಥವಿತ್ತು. ಮುಂಬಯಿಯ ನಮ್ಮ ಎರಡು ಕೋಣೆಗಳ ಫ್ಲ್ಯಾಟಿಗೆ ಕಳೆದ ವರ್ಷ ಎಲೆಕ್ಟ್ರಾನಿಕ್ ಡ್ರಮ್ ಸೆಟ್ ಆಗಮಿಸಿತು. ಹದಿಮೂರು ವರ್ಷದ ಮಗಳ ಹಟ ಒಂದೆಡೆ. ಹೆಡ್‌ಫೋನ್ ಧರಿಸಿ ಬಾರಿಸಿದರೆ ಯಾರಿಗೂ ತೊಂದರೆಯಿಲ್ಲವೆಂಬ ಅಂಗಡಿಯವರ ಆಶ್ವಾಸನೆ ಇನ್ನೊಂದೆಡೆ.

ಮೊದಲ ಆಕ್ಷೇಪಣೆ ನನ್ನ ತಾಯಿಯವರಿಂದ ಬಂದಿತು. "ವಾದ್ಯಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳಬೇಕೆಂದು ನಿನಗೆ ಕಲಿಸಿದ್ದೆನಲ್ಲೋ. ಒದೆಯುವುದಕ್ಕೆಂದೇ ದುಡ್ಡು ಕೊಟ್ಟು ತಂದೆಯಾ?" ಅವರ ಮಾತಿನಲ್ಲಿ ಹುರುಳಿತ್ತು. ಮೃದಂಗ, ಚಂಡೆ, ಡೊಳ್ಳು, ಯಾವುದನ್ನೇ ತೆಗೆದುಕೊಳ್ಳಿ, ಪೆಟ್ಟು ಕೈಯದು, ಕುಣಿತ ಕಾಲಿನದು. ನಾಟಕ ಕಂಪನಿಯ ಹಾರ್ಮೋನಿಯಂ ಮಾಸ್ತರರು ಕಾಲಿನಿಂದ ತಿದಿ ಒತ್ತುತ್ತಿರಲಿಲ್ಲವೆ ಎಂದು ಹೇಳಿ ಹೇಗೋ ಪಾರಾದೆ. ಪಾಶ್ಚಾತ್ಯರಲ್ಲಿಯೂ ದೊಡ್ಡ ಡ್ರಮ್ಮನ್ನು ಮೊದಲು ಕೈಯಿಂದಲೇ ಬಾರಿಸುತ್ತಿದ್ದರು. ಕಾಲಿನ ಪೆಡಲುಗಳು ಆಗಲೇ ಇದ್ದರೂ, ಶಿಕಾಗೋ ನಗರದ ವಿಲಿಯಂ ಲುಡ್ವಿಗ್ 1909ರಲ್ಲಿ ಮಾರುಕಟ್ಟೆಗೆ ತಂದ ವೇಗದ ಪೆಡಲಿನಿಂದ ಒಬ್ಬನೇ ವಾದಕ ಇಬ್ಬರ ಕೆಲಸ ಮಾಡುವುದು ಸುಲಭವಾಯಿತು.

ವಾಣಿಜ್ಯ ಪದವೀಧರನಾದ ನಾನು ಉಳಿತಾಯದ ದೃಷ್ಟಿಯಿಂದ ಬೀಟರ್ ಇಲ್ಲದ ಸೆಟ್ಟನ್ನೇ ಆರಿಸಿದ್ದೆ. ಅದರ ಪೆಡಲು ಹೊಲಿಗೆ ಯಂತ್ರದ ಕಾಲೊತ್ತಿನಂತೆ ಒಂದು ಹಲಗೆ ಮಾತ್ರ. ಒತ್ತಿದರೆ ವಿದ್ಯುತ್ ಸಂಜ್ಞೆ ಹೋಗಿ ಕಿವಿಯಲ್ಲಿ "ಧಂ" ಎನ್ನುತ್ತದೆ. ಇಂಥ ಅಗ್ಗದ ಹಲಗೆಗಳಲ್ಲಿ ಕೆಲವು ಮೆಲ್ಲನೆ ಒತ್ತಿದರೂ ಜೋರಾಗಿ ಒತ್ತಿದರೂ ಒಂದೇ ಧ್ವನಿ ಕೊಡುತ್ತವೆ; ನಮ್ಮದೂ ಹಾಗೆಯೇ ಇತ್ತು. ನಾಲ್ಕು ತಿಂಗಳ ಬಳಿಕ ಶಾಲೆಯಲ್ಲಿ ನಿಜವಾದ ಡ್ರಮ್ಮಿನ ಮುಂದೆ ಕುಳಿತಾಗ ಮಗಳ ಕಾಲು ಏನನ್ನೂ ಕಲಿತಿಲ್ಲವೆಂಬುದು ಬಯಲಾಯಿತು. ಪೆಟ್ಟಿನ ನಂತರ ಬೀಟರ್ ಹಿಂದಕ್ಕೆ ಪುಟಿಯುತ್ತದೆ. ಆ ಪುಟಿತವನ್ನು ಹಿಡಿದು ಮುಂದಿನ ಪೆಟ್ಟಿಗೆ ಬಳಸುವುದೇ ಈ ವಿದ್ಯೆ. ಅದನ್ನರಿಯದ ಹುಡುಗಿ ಬರಿಯ ಬಲದಿಂದ ತುಳಿದು, ಮೊಣಕಾಲಿನ ಕೆಳಗೆ ಮುಂಭಾಗದ ಸ್ನಾಯು ನೋಯಿಸಿಕೊಂಡು ಮನೆಗೆ ಬಂದಳು.

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಕಲಿಯುವವರಿಗೆ ಬೀಟರ್ ಇರುವ ನಿಜವಾದ ಪೆಡಲನ್ನೂ ಅದರ ಪೆಟ್ಟು ತಾಳುವ ಕಿಕ್ ಪ್ಯಾಡನ್ನೂ ಕೊಡಿಸಬೇಕು. ಸೆಟ್ಟಿನ ಎಲೆಕ್ಟ್ರಾನಿಕ್ ಪೆಟ್ಟಿಗೆ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ, ಅದರ ಸವಕಳಿ ಶೀಘ್ರ. ಒಳ್ಳೆಯ ಪೆಡಲಾದರೋ ಮುಂದೆ ಚರ್ಮವಾದ್ಯಕ್ಕೂ ಜೋಡಿಸಬಹುದಾದ ಬಂಡವಾಳ. ಅಂಗಡಿಯವರು ಜೋಡಿ ಪೆಡಲು ತೋರಿಸಿ ಮಕ್ಕಳನ್ನು ಮರುಳುಗೊಳಿಸುತ್ತಾರೆ. ಅದು ಬೇಡ. ಒಂದು ಕಾಲು ಲಯದಲ್ಲಿ ನಿಲ್ಲುವ ಮೊದಲು ಎರಡನೆಯದಕ್ಕೇಕೆ ಅವಸರ? ಅಲ್ಲದೆ ಅನೇಕ ಚಿಕ್ಕ ಪ್ಯಾಡುಗಳ ಅಗಲ ಎರಡು ಬೀಟರುಗಳಿಗೆ ಸಾಲುವುದೂ ಇಲ್ಲ. ಚೈನಿನದೋ ಪಟ್ಟಿಯದೋ ಎಂಬ ಚರ್ಚೆಯನ್ನು ಬಲ್ಲವರಿಗೆ ಬಿಟ್ಟುಬಿಡೋಣ; ಸ್ಪ್ರಿಂಗಿನ ಬಿಗಿತವನ್ನೂ ಬೀಟರಿನ ಕೋನವನ್ನೂ ಹೊಂದಿಸಲು ಬರುವುದೇ, ಅಡಿಯಲ್ಲಿ ಗಟ್ಟಿಯಾದ ಲೋಹದ ತಟ್ಟೆ ಇದೆಯೇ ಎಂಬುದನ್ನು ಮಾತ್ರ ನೋಡಿಕೊಳ್ಳಿ. ಪ್ಯಾಡಿಗೆ ಜಾಲರಿಯ ಹೊದಿಕೆಯಿದ್ದರೆ ಉಣ್ಣೆಯ ಬೀಟರ್ ಅದನ್ನು ಸವೆಸುತ್ತದೆ. ನುಣುಪಾದ ಪ್ಲಾಸ್ಟಿಕ್ ಮುಖವನ್ನು ತಿರುಗಿಸಿಕೊಳ್ಳುವುದು ಲೇಸು.

ಕುಳಿತುಕೊಳ್ಳುವ ಸ್ಟೂಲಿನ ವಿಷಯವನ್ನು ಯಾರೂ ಹೇಳುವುದಿಲ್ಲ. ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವಷ್ಟು ತಗ್ಗಾದ ಆಸನದಲ್ಲಿ ಕುಳಿತರೆ ಬೆನ್ನು ಬಾಗಿ ನೋವು ತಪ್ಪದು; ತೊಡೆ ಸ್ವಲ್ಪ ಇಳಿಜಾರಾಗಿರಬೇಕು. ಕಿವಿಯ ಮಾತೂ ಅಷ್ಟೇ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್, ಮಕ್ಕಳಿಗೆ 75 ಡೆಸಿಬೆಲ್ ಎಂದು ಮಿತಿ ಹೇಳಿದೆ; ಅದರ ಮೇಲೆ ಪ್ರತಿ 3 ಡೆಸಿಬೆಲ್ ಏರಿದಂತೆ ಅವಧಿಯನ್ನು ಅರ್ಧಕ್ಕಿಳಿಸಬೇಕು. ಹೆಡ್‌ಫೋನಿನ ಗುಂಡಿ ತಿರುಗಿಸುವ ಅಧಿಕಾರ ನಮ್ಮ ಮನೆಯಲ್ಲಿ ಈಗ ನನ್ನದು.

ಹೊಸ ಪೆಡಲು ಬಂದ ಮೂರನೆಯ ರಾತ್ರಿ ಕೆಳಮನೆಯ ಕಾಕಾ ಮೆಟ್ಟಿಲು ಹತ್ತಿ ಬಂದರು. ಹೃದಯದ ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳೂ ಆಗಿರಲಿಲ್ಲ. ಜಗಳಕ್ಕಲ್ಲ. "ದಿಂಬಿಗೆ ತಲೆಯಿಟ್ಟರೆ ಎದೆಬಡಿತ ಛಾವಣಿಯಿಂದ ಕೇಳಿಸುತ್ತದೆ, ನನ್ನದೋ ಎಂದು ಹೆದರಿದೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಹೆಡ್‌ಫೋನ್ ಗಾಳಿಯಲ್ಲಿ ಹೋಗುವ ಧ್ವನಿಯನ್ನು ತಡೆಯುತ್ತದೆಯೇ ಹೊರತು, ಬೀಟರಿನ ಪೆಟ್ಟು ನೆಲಕ್ಕಿಳಿದು ಕಾಂಕ್ರೀಟಿನ ಮೂಲಕ ಸಾಗುವುದನ್ನಲ್ಲ. ಜಮಖಾನೆ ಹಾಸಿದರೆ ಪೆಡಲು ಜಾರುವುದು ನಿಲ್ಲುತ್ತದೆ, ಗುದ್ದು ನಿಲ್ಲುವುದಿಲ್ಲ.

ಬಡಗಿಯನ್ನು ಕರೆಸಿ ಎರಡು ದಪ್ಪ ಪ್ಲೈವುಡ್ ಹಲಗೆಗಳನ್ನು ಮಾಡಿಸಿದೆ. ಎರಡರಲ್ಲೂ ಎದುರುಬದುರಾಗಿ ರಂಧ್ರ ಕೊರೆದು, ನಡುವೆ ಟೆನಿಸ್ ಚೆಂಡುಗಳನ್ನು ಕೂರಿಸಿ, ಇಡೀ ಸೆಟ್ಟನ್ನು ಅದರ ಮೇಲಿಟ್ಟೆವು. ಹಲಗೆಗಳು ಒಂದಕ್ಕೊಂದು ತಾಗಬಾರದು, ಗೋಡೆಗೂ ತಾಗಬಾರದು. ಇಷ್ಟಕ್ಕೂ ಸ್ಥಳವಿಲ್ಲದವರು ಶಬ್ದ ತಗ್ಗಿಸಲೆಂದೇ ರೂಪಿಸಿದ, ಆದರೆ ಪೆಟ್ಟಿನ ಬಲವನ್ನು ಗುರುತಿಸುವ ಪೆಡಲನ್ನು ಕೊಳ್ಳಲಿ. ಪುಟಿತದ ಅಭ್ಯಾಸ ಕೊಂಚ ಕುಂದಿದರೂ ನೆರೆಯವರ ನಿದ್ರೆಗಿಂತ ಅದು ದೊಡ್ಡದಲ್ಲ.

ಅನಂತರ ನಾನೇ ಕಾಕಾ ಅವರ ಮಂಚದಲ್ಲಿ ಮಲಗಿ, ಮಗಳಿಂದ ಮೇಲೆ ಬಾರಿಸಿಸಿ ಕೇಳಿದೆ. ಫ್ಯಾನ್ ಹಾಕಿದಾಗ ಏನೂ ಕೇಳಿಸಲಿಲ್ಲ. ಫ್ಯಾನ್ ನಿಲ್ಲಿಸಿದಾಗ ಸ್ವಲ್ಪ ಕೇಳಿಸಿತು. ಆದ್ದರಿಂದ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮತ್ತು ರಾತ್ರಿ ಎಂಟರ ನಂತರ ಅಭ್ಯಾಸವಿಲ್ಲ.