ಕಡ ತಂದ ದ್ರೌಪದಿ

“ಹೆಣ್ಣು ರಂಗಭೂಮಿಗೆ ಕಾಲಿಟ್ಟಳು, ನಾಟಕ ಹಾಳಾಯಿತು.”

ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಹೇಳುವವರು ದಡ್ಡರಲ್ಲ. ಪೇಟಿಯ ಸ್ವರ ಬಲ್ಲವರು, ಬಾಲಗಂಧರ್ವರ ಹಳೆಯ ಪ್ಲೇಟುಗಳನ್ನು ಮಕ್ಕಳಿಗಿಂತ ಹೆಚ್ಚು ಜೋಪಾನವಾಗಿ ಇಟ್ಟುಕೊಂಡವರು, ಎರಡು ಕಪ್ಪು ಚಹದ ನಡುವೆ ಹತ್ತು ನಾಟಕ ಕಂಪನಿಗಳ ಉದಯಾಸ್ತಗಳನ್ನು ಹೇಳಬಲ್ಲವರು. ಅವರ ಮನಸ್ಸಿನಲ್ಲಿ ಒಂದು ಸುವರ್ಣಯುಗವಿದೆ. ಆ ಯುಗದಲ್ಲಿ ಸ್ತ್ರೀಪಾತ್ರವನ್ನು ಗಂಡಸೇ ಮಾಡುತ್ತಿದ್ದ. ಮನೆತನಸ್ಥ ಹೆಂಗಸರು ಅವನನ್ನು ನೋಡಿ ಸೀರೆ ಉಡುವುದನ್ನು, ಹೂವು ಮುಡಿಯುವುದನ್ನು ಕಲಿಯುತ್ತಿದ್ದರು. ಆಮೇಲೆ ನಟಿ ಬಂದಳು. ಅವಳ ಹಿಂದೆ ಸೀಟಿ ಹೊಡೆಯುವವರು ಬಂದರು, ದ್ವಂದ್ವಾರ್ಥದ ಮಾತು ಬಂದಿತು, ಕಲೆ ಹೋಯಿತು. ಕಥೆ ಬಹಳ ಅಚ್ಚುಕಟ್ಟಾಗಿದೆ. ಅಷ್ಟು ಅಚ್ಚುಕಟ್ಟಾಗಿರುವುದರಿಂದಲೇ ನನಗೆ ಸಂಶಯ.

ಮೊದಲು ಬಾಲಗಂಧರ್ವರ ವಿಷಯವನ್ನೇ ತೆಗೆದುಕೊಳ್ಳೋಣ. ಅವರ ಕಂಠದ ಬಗ್ಗೆ ತಕರಾರಿಲ್ಲ. ಆ ಕಂಠಕ್ಕೆ ಕೈ ಮುಗಿಯದವನು ಅರಸಿಕ. ಆದರೆ ಅವರ ಕಂಪನಿಯನ್ನು ಮುಳುಗಿಸಿದವಳು ಒಬ್ಬ ಹೆಂಗಸು, ಅದೂ ನಮ್ಮ ಬೀಳಗಿಯ ಗೋಹರಬಾಯಿ ಕರ್ನಾಟಕಿ, ಎಂಬ ಮಾತು ಕೃಷ್ಣೆಯ ಎರಡೂ ದಂಡೆಗಳಲ್ಲಿ ಇಂದಿಗೂ ಓಡಾಡುತ್ತಿದೆ. ತಾರೀಖುಗಳನ್ನು ನೋಡಿರಿ. ಗಂಧರ್ವ ನಾಟಕ ಮಂಡಳಿ ಸಾಲದಲ್ಲಿ ಬಿದ್ದದ್ದು ಎಷ್ಟೋ ಮೊದಲು. ಝಗಝಗಿಸುವ ಸೀನು, ಅಸಲು ಜರಿಯ ಸೀರೆ, ಅತ್ತರು, ಔತಣ, ಇವೆಲ್ಲ ಸಾಲದ ತಾಯಿತಂದೆಗಳು. ಕಂಪನಿಯ ಬಾಗಿಲು ಹಾಕಿ ಬಾಲಗಂಧರ್ವರು 1935ರಲ್ಲಿ ಪ್ರಭಾತದವರ “ಧರ್ಮಾತ್ಮಾ” ಚಿತ್ರದಲ್ಲಿ ಏಕನಾಥರ ಪಾತ್ರಕ್ಕೆ ನಿಂತರು. ಗೋಹರಬಾಯಿ ಅವರ ಜೊತೆಗೆ ಬಂದದ್ದು 1938ರಲ್ಲಿ. ಮುಳುಗಿದ ಹಡಗನ್ನು ಏರಿದವಳು ಹಡಗು ಮುಳುಗಿಸಿದಳು ಎನ್ನುವ ನ್ಯಾಯ ಯಾವ ಕೋರ್ಟಿನದು? ವಯಸ್ಸಾದ, ಮೈ ಸೋತ, ಕೈ ಬರಿದಾದ ಗಾಯಕನ ಪಕ್ಕದಲ್ಲಿ ನಿಂತು ಮಂಡಳಿಯನ್ನು ಇನ್ನಷ್ಟು ದಿನ ನಡೆಸಿದಳೆಂಬ ಮಾತು ಮಾತ್ರ ಯಾರ ಬಾಯಿಂದಲೂ ಬರುವುದಿಲ್ಲ. ಅವಳ ಜಾತಿ, ಮತ, ಹುಟ್ಟಿದ ಮನೆ, ಇವಿಷ್ಟೇ ಬರುತ್ತವೆ.

ಇನ್ನು, “ಇದು ನಮ್ಮ ಸಂಸ್ಕೃತಿ” ಎನ್ನುವವರಿಗೆ ಒಂದು ಮಾತು. ನಮ್ಮದೊಂದೇ ಸಂಸ್ಕೃತಿ ಎಂದು ಅಭಿಮಾನ ಪಡಬೇಡಿರಿ. ಇಂಗ್ಲೆಂಡಿನದೂ ಇದೇ ಆಗಿತ್ತು. ಶೇಕ್ಸ್‌ಪಿಯರನ ಜೂಲಿಯೆಟ್ಟು, ಡೆಸ್ಡಿಮೋನಾ, ಕ್ಲಿಯೋಪಾತ್ರಾ ಎಲ್ಲರೂ ಅವನ ಕಾಲದಲ್ಲಿ ಧ್ವನಿ ಒಡೆಯದ ಹುಡುಗರು. 1629ರಲ್ಲಿ ಫ್ರಾನ್ಸಿನಿಂದ ಒಂದು ತಂಡ ಲಂಡನ್ನಿಗೆ ನಟಿಯರನ್ನು ಕರೆತಂದಾಗ ಜನ ಬುಸುಗುಟ್ಟಿ ಅವರನ್ನು ರಂಗದಿಂದ ಓಡಿಸಿದರು. ನಾಲ್ಕು ವರ್ಷದ ತರುವಾಯ ಪ್ರಿನ್ ಎಂಬ ಮಡಿವಂತ ವಕೀಲ ನಾಟಕವನ್ನೇ ಖಂಡಿಸುವ ದಪ್ಪ ಪುಸ್ತಕವನ್ನು ಹೊರತಂದು, ನಟಿಯರೆಂದರೆ ಸೂಳೆಯರು ಎಂದು ಅದರ ವಿಷಯಸೂಚಿಯಲ್ಲೇ ಅಚ್ಚು ಹಾಕಿಸಿದ. ಗ್ರಹಚಾರಕ್ಕೆ ಅದೇ ಸುಮಾರಿಗೆ ಸ್ವತಃ ರಾಣಿಯೇ ಅರಮನೆಯ ಆಟವೊಂದರಲ್ಲಿ ಪಾತ್ರ ವಹಿಸಿದ್ದಳು. ಪ್ರಿನ್ನನ ಕಿವಿ ಕತ್ತರಿಸಿದರು. (ಕಿವಿ ಕತ್ತರಿಸುವುದು ವಾದಕ್ಕೆ ಉತ್ತರವಲ್ಲ ಎಂಬುದನ್ನು ನಾನೂ ಬಲ್ಲೆ. ನಮ್ಮ ಕಡೆಯ ಪ್ರಿನ್ನುಗಳು ನಿಶ್ಚಿಂತರಾಗಿರಬಹುದು.)

1642ರಿಂದ ಹದಿನೆಂಟು ವರ್ಷ ಅಲ್ಲಿ ನಾಟಕಗೃಹಗಳು ಮುಚ್ಚಿದ್ದವು. ಎರಡನೆಯ ಚಾರ್ಲ್ಸ್ ದೊರೆ ಮರಳಿ ಬಂದ 1660ರಲ್ಲಿ ಅವು ತೆರೆದಾಗ ಹಳೆಯ ಹುಡುಗರು ಬಲಿತು ಗಂಡಸರಾಗಿದ್ದರು, ಹೊಸಬರು ತಯಾರಾಗಿರಲಿಲ್ಲ. ಒಂದು ದಿನ ನಾಟಕ ಆರಂಭವಾಗಲು ತಡವಾಯಿತಂತೆ. ದೊರೆ ಕಾರಣ ಕೇಳಿ ಕಳಿಸಿದ. “ಮಹಾಸ್ವಾಮಿ, ರಾಣಿಗೆ ಇನ್ನೂ ಕ್ಷೌರವಾಗಿಲ್ಲ” ಎಂದು ಉತ್ತರ ಬಂದಿತಂತೆ. ಕಥೆ ಇರಬಹುದು, ಆದರೆ ಗಡ್ಡದ ತೊಂದರೆ ನಿಜವಾಗಿತ್ತು. ಆ ವರ್ಷದ ಡಿಸೆಂಬರ 8ರಂದು “ಒಥೆಲೋ” ಆಡಿದಾಗ ಡೆಸ್ಡಿಮೋನಾ ಆಗಿ ನಿಜವಾದ ಒಬ್ಬ ಹೆಂಗಸು ರಂಗಕ್ಕೆ ಬಂದಳು. ಅವಳು ಬರುವ ಮೊದಲು ಒಬ್ಬ ನಟ ಮುಂದೆ ಬಂದು ಪದ್ಯದಲ್ಲಿ ಸಮಜಾಯಿಷಿ ಹೇಳಬೇಕಾಯಿತು: ಇವಳು ಹೆಂಗಸೇ ಹೌದು, ಆದರೆ ಮರ್ಯಾದಸ್ಥಳು, ಕೆಟ್ಟದಾಗಿ ಎಣಿಸಬೇಡಿರಿ ಎಂಬ ಧಾಟಿಯಲ್ಲಿ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅದೇ ಕಾಲದಲ್ಲಿ ಹೆಣ್ಣುವೇಷ ಹಾಕುತ್ತಿದ್ದ ಎಡ್ವರ್ಡ್ ಕಿನಾಸ್ಟನ್ ಎಂಬವನ ಹೆಸರು, ಅವನ ಚೆಲುವು, ಅವನು ಯಾವ ದಿನ ಯಾವ ಪಾತ್ರ ಮಾಡಿದ ಎಂಬುದೆಲ್ಲ ಪೀಪ್ಸ್ ಮಹಾಶಯನ ದಿನಚರಿಯಲ್ಲಿ ಭದ್ರವಾಗಿದೆ. ಆ ಡಿಸೆಂಬರಿನ ಡೆಸ್ಡಿಮೋನಾಳ ಹೆಸರನ್ನು ಯಾರೂ ಬರೆದಿಡಲಿಲ್ಲ. ವಿದ್ವಾಂಸರು ಮಾರ್ಗರೆಟ್ ಹ್ಯೂಸ್ ಎನ್ನುತ್ತಾರೆ, ಆನ್ ಮಾರ್ಷಲ್ ಎನ್ನುತ್ತಾರೆ. ಸೀರೆ ಉಟ್ಟ ಗಂಡಸಿಗೆ ಚರಿತ್ರೆ. ಹೆಣ್ಣಾದ ಹೆಣ್ಣಿಗೆ ಊಹಾಪೋಹ.

ಮುಂದೆ 1662ರ ರಾಜಾಜ್ಞೆಯಲ್ಲಿ, ಹೆಣ್ಣಿನ ಪಾತ್ರವನ್ನು ಗಂಡಸರು ಹೆಣ್ಣುಡಿಗೆಯಲ್ಲಿ ಮಾಡುವುದರಿಂದ ಕೆಲವರ ಮನಸ್ಸಿಗೆ ನೋವಾಗಿದೆಯಾದ್ದರಿಂದ ಇನ್ನು ಮೇಲೆ ಹೆಂಗಸರೇ ಆ ಪಾತ್ರಗಳನ್ನು ಮಾಡಬಹುದು ಎಂದು ಬರೆಯಲಾಯಿತು. ಅಂದರೆ ಇಂಗ್ಲೆಂಡಿನಲ್ಲಿ ಹೆಣ್ಣನ್ನು ರಂಗಕ್ಕೆ ತಂದದ್ದು ನೀತಿಯ ಹೆಸರಿನಲ್ಲಿ! ನಮ್ಮಲ್ಲಿ ಹೆಣ್ಣನ್ನು ರಂಗದಿಂದ ದೂರ ಇಟ್ಟದ್ದೂ ನೀತಿಯ ಹೆಸರಿನಲ್ಲೇ. ನೀತಿ ಎಂಬ ಈ ಬಡ ಎತ್ತನ್ನು ಯಾವ ಗಾಡಿಗೆ ಕಟ್ಟಿದರೂ ಎಳೆಯುತ್ತದೆ. ಹಾಗೆಂದು ಅಲ್ಲಿಯ ನಟಿಯರು ಸುಖವಾಗಿದ್ದರೆಂದು ಹೇಳಲಾರೆ. ಕಾಲು ಕಾಣಲಿ ಎಂದೇ ಅವರಿಗೆ ಗಂಡುಡಿಗೆ ತೊಡಿಸುವ ನಾಟಕಗಳನ್ನು ಬರೆದರು. ಬರೆದವರು ಬಹುಮಟ್ಟಿಗೆ ಗಂಡಸರು, ನೋಡಿದವರಲ್ಲಿ ಚಪ್ಪಾಳೆಗಿಂತ ಕಣ್ಣನ್ನೇ ಹೆಚ್ಚು ಬಳಸಿದವರೂ ಗಂಡಸರು, ಬೈಸಿಕೊಂಡವಳು ನಟಿ.

ಈಗ ನಮ್ಮ ಮಣ್ಣೂರಿಗೆ ಬರೋಣ. ಅಫಜಲಪುರ ತಾಲೂಕಿನಲ್ಲಿ ಭೀಮೆಯ ದಂಡೆಯ ಮೇಲಿರುವ ಈ ಊರಲ್ಲಿ ನಾನು ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ದ್ರೌಪದಿಯಾಗಿದ್ದೆ. ದೊಡ್ಡಾಟದಲ್ಲಿ ವಸ್ತ್ರಾಪಹರಣದ ಪ್ರಸಂಗ. ಪದ ಕಲಿಸಿದವರು ಮಾಸ್ತರು. ನಡೆಯುವುದನ್ನು ಕಲಿಸಿದವಳು ನನ್ನ ಅಕ್ಕ. ರಾತ್ರಿ ಊಟದ ಪಾತ್ರೆ ತೊಳೆದಾದ ಮೇಲೆ ಒಲೆಯ ಮುಂದೆ ನನ್ನನ್ನು ನಿಲ್ಲಿಸಿಕೊಂಡು, “ಸಿಟ್ ಬಂದಾಗ ಹೆಣಮಕ್ಕಳು ಚೀರಂಗಿಲ್ಲೋ ತಮ್ಮಾ, ಸೆರಗ ಬಿಗಿ ಮಾಡ್ಕೋತಾರ. ಹಾಂಗ್ ಮಾಡು. ಚೀರೂದು ಆಮ್ಯಾಗ” ಎಂದು ತೋರಿಸುತ್ತಿದ್ದಳು. ಅವಳು ತೋರಿಸಿದಾಗ ನನಗೇ ಹೆದರಿಕೆಯಾಗುತ್ತಿತ್ತು. ನನ್ನ ಎಲ್ಲ ಪದಗಳೂ ಅವಳಿಗೆ ಬಾಯಿಪಾಠವಾಗಿದ್ದವು. ನಾನು ತಪ್ಪಿದರೆ ತಿದ್ದುತ್ತಿದ್ದಳು. ಆಟದ ರಾತ್ರಿ ಅವಳು ಹೆಂಗಸರೊಂದಿಗೆ ದೂರದ ಮಾಳಿಗೆಯ ಮೇಲೆ ಕತ್ತಲಲ್ಲಿ ಕೂತಿದ್ದಳು. ನನಗೆ ಟವೆಲ್ಲು, ಟೆಂಗಿನಕಾಯಿ, ಎರಡು ರೂಪಾಯಿ ಆಯೇರಿ ಬಂದವು. “ಹುಡುಗಗ ಹೆಣ್ಣಿನ ಕಳಾ ಹುಟ್ಟಿನಿಂದ ಬಂದದ” ಎಂದು ಹಿರಿಯರು ತಲೆದೂಗಿದರು.

ಹುಟ್ಟಿನಿಂದ ಬಂದಿರಲಿಲ್ಲ. ಒಲೆಯ ಮುಂದೆ ಬಂದಿತ್ತು.

ಸ್ತ್ರೀಪಾತ್ರಧಾರಿಗಳ ಸುವರ್ಣಯುಗವೆಂದು ಯಾರಾದರೂ ಉಸಿರು ಬಿಟ್ಟಾಗ ನನಗೆ ಆ ಮಾಳಿಗೆಯೇ ನೆನಪಾಗುತ್ತದೆ. ಎಷ್ಟು ಜನ ಪ್ರಸಿದ್ಧ ಸ್ತ್ರೀಪಾತ್ರಧಾರಿಗಳ ಹಿಂದೆ ಇಂಥ ಎಷ್ಟು ಜನ ಅಕ್ಕಂದಿರು, ಅವ್ವಂದಿರು ಇದ್ದಿರಬೇಡ! ಗಂಡಸು ಹೆಣ್ಣಿನ ವೇಷ ಹಾಕಬಾರದೆಂದು ನಾನು ಹೇಳುತ್ತಿಲ್ಲ. ಧಾರಾಳವಾಗಿ ಹಾಕಲಿ, ನಾನು ಹಾಕಿದವನೇ. ನನ್ನ ತಕರಾರು ಬಾಗಿಲು ಒಂದೇ ಕಡೆಗೆ ತೆರೆಯುತ್ತದೆ ಎಂಬುದು.

ಅದಕ್ಕೆ ಪ್ರಮಾಣ ಬೇಕೇ? ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಎಲ್ಲ ಪಾತ್ರಗಳೂ ಹೆಂಗಸರವೇ. ಕಂಸನಂಥ ಆರ್ಭಟದ ಗಂಡುಪಾತ್ರಗಳು ಸ್ವತಃ ನಾಗರತ್ನಮ್ಮನವರವು. ಪದ್ಮಶ್ರೀ ಬಂದದ್ದು 2012ರಲ್ಲಿ, ಅವರು ತೀರಿಕೊಂಡ ವರ್ಷವೇ. ಅವರಿಗಿಂತ ಎಷ್ಟೋ ಹಿಂದೆ ಲಕ್ಷ್ಮೇಶ್ವರದ ಬಚ್ಚಾಸಾನಿ ಹೆಂಗಸರದೇ ಮಂಡಳಿ ನಡೆಸಿದ್ದರು. ಗಂಡಸು ಹೆಣ್ಣಾದರೆ, “ಹೆಣ್ತನದ ಆದರ್ಶವನ್ನು ಗಂಡಸೇ ಬಲ್ಲ, ಹೆಂಗಸರು ನೋಡಿ ಕಲಿಯಬೇಕು” ಎಂದು ಬರೆದ ಲೇಖನಿಗಳು, ನಾಗರತ್ನಮ್ಮನವರ ಕಂಸನನ್ನು ನೋಡಿ, “ಗಂಡಸುತನವನ್ನು ಹೆಂಗಸೇ ಬಲ್ಲಳು, ಗಂಡಸರು ನೋಡಿ ಕಲಿಯಬೇಕು” ಎಂದು ಬರೆದದ್ದನ್ನು ನಾನು ಎಲ್ಲೂ ಓದಿಲ್ಲ. “ಹೆಂಗಸಾದರೂ ಎಂಥ ಧ್ವನಿ!” ಎಂದರು. ಆ “ಆದರೂ” ಎಂಬ ಮೂರಕ್ಷರದಲ್ಲಿ ನಮ್ಮ ರಂಗವಿಮರ್ಶೆಯ ಅರ್ಧ ಭಾಗ ಅಡಗಿ ಕೂತಿದೆ.

ಕಂಪನಿಗಳ ಕಡೆ ನೋಡಿದರೂ ಅಷ್ಟೆ. ಗುಬ್ಬಿ ವೀರಣ್ಣನವರು ನಟಿಯರಿಗೆ ರಂಗವನ್ನು ತೆರೆದಿಟ್ಟರು; ಬಿ. ಜಯಮ್ಮನವರಂಥ ಕಲಾವಿದೆ ಅಲ್ಲಿ ಬೆಳೆದರು. ಆ ಕಂಪನಿ ಮುಳುಗಲಿಲ್ಲ, ನಾಡಿಗೇ ದೊಡ್ಡದಾಯಿತು. ದಾವಣಗೆರೆಯ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಚಿಂದೋಡಿ ಲೀಲಾ ಹೆಗಲ ಮೇಲೆ ಹೊತ್ತು ಊರೂರು ತಿರುಗಿದರು. ನಟಿ ಬಂದು ನಾಟಕ ಹಾಳಾಯಿತೆನ್ನುವವರು, ನಟಿ ಬರದಿದ್ದರೆ ಸಿನೇಮಾದ ಹೊಡೆತಕ್ಕೆ ಈ ಕಂಪನಿಗಳು ಎಷ್ಟು ದಿನ ತಾಳುತ್ತಿದ್ದವೆಂಬ ಲೆಕ್ಕವನ್ನೂ ಮಾಡಲಿ.

ಆದರೆ ನನ್ನ ನಿಜವಾದ ಜಗಳ ಹಳೆಯ ಕಾಲದೊಂದಿಗಲ್ಲ. ಇಂದಿಗೂ ನಮ್ಮ ಕಡೆ ಜಾತ್ರೆ ಬಂತೆಂದರೆ ಊರ ತರುಣರು ನಾಟಕ ಆಡುತ್ತಾರೆ. ಕಂದಗಲ್ಲ ಹನುಮಂತರಾಯರ “ರಕ್ತರಾತ್ರಿ” ಇರಬಹುದು, ಇಲ್ಲವೇ ಅಣ್ಣತಂಗಿ, ಅತ್ತೆಸೊಸೆಯರ ಸಾಮಾಜಿಕ ನಾಟಕ. ಎರಡು ತಿಂಗಳು ತಾಲೀಮು. ಗಂಡು ಪಾತ್ರಗಳೆಲ್ಲ ಊರಿನವರವು. ಹೆಣ್ಣು ಪಾತ್ರಗಳು ಮಾತ್ರ ಗದಗ, ಹುಬ್ಬಳ್ಳಿ, ಇಳಕಲ್ಲುಗಳಿಂದ ಕಡ ತಂದವು. ಅವಳು ಆಟದ ದಿನವೋ ಹಿಂದಿನ ದಿನವೋ ಬಸ್ಸಿನಿಂದ ಇಳಿಯುತ್ತಾಳೆ. ಎರಡು ತಿಂಗಳಲ್ಲಿ ಇವರಿಗೆ ಬಾರದ ಮಾತು ಅವಳಿಗೆ ಒಂದು ಸಂಜೆಯಲ್ಲಿ ಬರಬೇಕು. ಬರುತ್ತದೆ! ರಂಗದ ಮೇಲೆ ಮಾತು ಮರೆತು ನಿಂತ ನಮ್ಮೂರ ನಾಯಕನಿಗೆ ಮೆಲ್ಲಗೆ ಮುಂದಿನ ಮಾತು ಹೇಳಿಕೊಡುವವಳೂ ಅವಳೇ. ನಡುನಡುವೆ ಮೈಕಿನಲ್ಲಿ ಆಯೇರಿಯ ಘೋಷಣೆ. ಅಳುವ ದೃಶ್ಯವನ್ನು ಅರ್ಧಕ್ಕೆ ನಿಲ್ಲಿಸಿ ನೋಟು ತೆಗೆದುಕೊಂಡು, ಕೊಟ್ಟವನಿಗೆ ಕೈ ಮುಗಿದು, ಮತ್ತೆ ಅಳಬೇಕು. ಬೆಳಗಾದರೆ ಬೇರೊಂದು ಊರಿನ ಬಸ್ಸು. ಕರಪತ್ರದಲ್ಲಿ ಊರ ನಟರಿಗೆಲ್ಲ ಹೆಸರು, ಅಡ್ಡಹೆಸರು, ಹುದ್ದೆ. ಅವಳಿಗೆ “ಕುಮಾರಿ” ಎಂಬ ಒಂದು ಪದ, ಒಂದು ಹೆಸರು, ಒಂದು ಊರು. ಅವಳಿಗೆ ಮೊಮ್ಮಗಳಿದ್ದರೂ ಕುಮಾರಿಯೇ.

ಮಾತು ಕೆಟ್ಟಿದೆ, ದ್ವಂದ್ವಾರ್ಥ ಹೆಚ್ಚಿದೆ ಎನ್ನುತ್ತಾರೆ. ಹೌದು, ಕೆಟ್ಟಿದೆ. ಆ ಮಾತನ್ನು ಬರೆದವರು ಯಾರು? ಆ ನಾಟಕವನ್ನು ಆರಿಸಿದವರು ಯಾರು? ಅದೇ ಮಾತಿಗೆ “ಒನ್ಸ್ ಮೋರ್” ಕೂಗಿದವರು ಯಾರು? ಕೂಲಿಗೆ ಬಂದವಳ ಬಾಯಲ್ಲಿ ಇಟ್ಟ ಮಾತಿಗೆ ಅವಳನ್ನೇ ಹೊಣೆ ಮಾಡುವುದು, ಹೊಲ ಉಳಿಸಿ ಬೆಳೆ ಸರಿಯಿಲ್ಲವೆಂದು ಎತ್ತನ್ನು ಬಡಿದಂತೆ.

ಊರಿನ ಹೆಣ್ಣುಮಕ್ಕಳಿಗೇ ಪಾತ್ರ ಕೊಡಿರಿ ಎಂದು ನಾನು ತಾಲೀಮಿನ ಹುಡುಗರಿಗೆ ಹೇಳಿದಾಗ ಅವರು ನನ್ನನ್ನು ಕನಿಕರದಿಂದ ನೋಡಿದರು. “ಏನ್ ಮಾತಾಡ್ತೀರಿ ಕಾಕಾ, ನಮ್ಮ ಊರಿನ ಮರ್ಯಾದಿ ಏನಾಗಬೇಕು?” ಹಾಗಾದರೆ ಗದಗಿನ ಊರಿಗೆ, ಇಳಕಲ್ಲಿನ ಊರಿಗೆ ಮರ್ಯಾದೆ ಇಲ್ಲವೇ? ನಮ್ಮ ಮರ್ಯಾದೆ ಉಳಿಯಬೇಕಾದರೆ ಇನ್ನೊಬ್ಬರ ಮಗಳು ಅದನ್ನು ಖರ್ಚು ಮಾಡಬೇಕೇ? ಈ ವಿಭಜನೆ ಇಂದಿನದಲ್ಲ. ಕೆಲವು ಮನೆಗಳ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಊರಿಗೆ ಬಿಟ್ಟು, ಉಳಿದ ಮನೆಗಳ ಹೆಣ್ಣುಮಕ್ಕಳನ್ನು ಒಳಗೆ ಕೂಡಿಟ್ಟ ನಾಡು ನಮ್ಮದು. ದೇವದಾಸಿ ಬಿಡುವುದನ್ನು ನಿಷೇಧಿಸುವ ಕಾಯ್ದೆಯನ್ನು 1982ರಲ್ಲಿ ಮಾಡಿದೆವು. ಕುಣಿಯುವವರು ಬೇರೆ, ನೋಡುವವರ ಮಕ್ಕಳು ಬೇರೆ ಎಂಬ ಲೆಕ್ಕ ಮಾತ್ರ ಕಾಯ್ದೆಯ ಕೈಗೆ ಸಿಕ್ಕಿಲ್ಲ.

ನಮ್ಮೂರಲ್ಲಿ ಎಲ್ಲಮ್ಮನ ಗುಡಿ ಇದೆ. ಎಲ್ಲಮ್ಮನ ಭಕ್ತರಾದ ಜೋಗಪ್ಪಗಳು ಸೀರೆ ಉಟ್ಟು, ಚೌಡಕಿ ಹಿಡಿದು ಬಂದರೆ ಯಾರೂ ಬೆರಗಾಗುವುದಿಲ್ಲ, ಕೈ ಮುಗಿಯುತ್ತಾರೆ. ಮಂಜಮ್ಮ ಜೋಗತಿ ಎಲ್ಲಮ್ಮನ ಆಟ ಆಡುತ್ತ ಬೆಳೆದು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಹಾದಿಯಲ್ಲಿ ಅವರು ಉಂಡ ಅವಮಾನ ಬೇರೆ ಮಾತು. ಆದರೂ ಗಂಡಾಗಿ ಹುಟ್ಟಿದವರು ಹೆಣ್ಣಾಗಿ ದೇವಿಯ ಪಾತ್ರ ಮಾಡಬಹುದೆಂಬುದನ್ನು ಒಪ್ಪುವಷ್ಟು ಅಗಲವಾದ ಮನಸ್ಸು, ಹೆಣ್ಣಾಗಿ ಹುಟ್ಟಿದವಳು ಹೆಣ್ಣಿನ ಪಾತ್ರ ಮಾಡುತ್ತೇನೆಂದರೆ ಏಕೆ ಅಷ್ಟು ಇಕ್ಕಟ್ಟಾಗುತ್ತದೆ?

ಪೇಟೆಯ ವಾಚಕರು ಇದನ್ನೆಲ್ಲ ಹಳ್ಳಿಯ ಸಮಾಚಾರವೆಂದು ಪುಟ ಮಗುಚಬೇಡಿರಿ. ಕಲಬುರಗಿಯಲ್ಲಿ ರಂಗಾಯಣವಿದೆ, ಪಂಡಿತ ರಂಗಮಂದಿರದಲ್ಲಿ ನಾಟಕವಾದರೆ ನೀವು ಸಂಸಾರ ಸಮೇತ ಬರುತ್ತೀರಿ, ನಾಯಕಿ ಚೆನ್ನಾಗಿ ಮಾಡಿದಳೆಂದು ಹೊಗಳುತ್ತೀರಿ. ನಿಮ್ಮ ಮಗಳು ಶಾಲೆಯ ಪ್ರತಿಭಾ ಕಾರಂಜಿಯಲ್ಲಿ ಕಿತ್ತೂರ ಚೆನ್ನಮ್ಮನಾದರೆ ಫೋಟೋ ತೆಗೆದು ಬಂಧುಬಳಗಕ್ಕೆಲ್ಲ ಕಳಿಸುತ್ತೀರಿ. ಅದೇ ಮಗಳು ಇಪ್ಪತ್ತರ ವಯಸ್ಸಿನಲ್ಲಿ, “ನಾನು ನಾಟಕದಲ್ಲೇ ಇರುತ್ತೇನೆ” ಎಂದರೆ ಮನೆಯಲ್ಲಿ ಆಗುವ ನಾಟಕಕ್ಕೆ ಮಾತ್ರ ನೀವು ಯಾರನ್ನೂ ಕರೆಯುವುದಿಲ್ಲ. ಗಂಡಿನ ಕಡೆಯವರು ಏನೆಂದಾರು ಎಂಬ ಅದೇ ಪ್ರಶ್ನೆ, ಭಾಷೆ ಮಾತ್ರ ಸ್ವಲ್ಪ ಶುದ್ಧ.

ಮುಂದಿನ ಜಾತ್ರೆಗೆ ಮಣ್ಣೂರ ಹುಡುಗರು ನಾಟಕದ ಚಂದಾ ಕೇಳಲು ನನ್ನ ಮನೆಗೆ ಬಂದೇ ಬರುತ್ತಾರೆ. ಕೊಡುತ್ತೇನೆ, ಎರಡು ಷರತ್ತಿನ ಮೇಲೆ. ಹೊರಗಿನಿಂದ ಬರುವ ಕಲಾವಿದೆಯ ಪೂರ್ತಿ ಹೆಸರು ಕರಪತ್ರದಲ್ಲಿ ಊರ ನಾಯಕನ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಬರಬೇಕು. ಮಾತಾಡಿದ ದುಡ್ಡು ಬಣ್ಣ ಹಚ್ಚುವ ಮೊದಲೇ ಅವಳ ಕೈಗೆ ಸಿಗಬೇಕು. ಎರಡನೆಯದು: ತಾಯಿಯದೋ ಅತ್ತೆಯದೋ, ಒಂದು ಹೆಣ್ಣು ಪಾತ್ರ ಊರ ಹೆಂಗಸಿಗೆ. ನನ್ನ ಅಕ್ಕನಿಗೆ ಈಗ ಎಂಬತ್ತು ಹತ್ತಿರವಾಯಿತು, ಮೊಣಕಾಲು ನೋವಿದೆ. ಕೇಳಿ ನೋಡಿದೆ. “ಕುಂತು ಮಾಡೂ ಪಾರ್ಟ ಇದ್ರ ಹೇಳು” ಎಂದಳು.